ಹಿಂದಿನ ಗಾಲಿಗಳ ಮೇಲೆ ಎಷ್ಟು ತೂಕ?

ಅಮೆರಿಕದ ಬಫೆಲೊ, ಸಿರಾಕ್ಯೂಸ್, ಕ್ಲೀವ್‌ಲ್ಯಾಂಡ್ ಕಡೆ ಹೆದ್ದಾರಿಯ ಹಿಮ ತಳ್ಳಿಕೊಂಡು ಬರುವ ದೊಡ್ಡ ಲಾರಿಗಳಲ್ಲಿ ಬಹುಪಾಲು ಟೂ ವೀಲ್ ಡ್ರೈವ್ ಜಾತಿಯವು. ಎಂಜಿನ್ನಿನ ಶಕ್ತಿಯೆಲ್ಲ ಹಿಂದಿನ ಗಾಲಿಗಳಿಗೆ ಹೋಗುತ್ತದೆ. ಮುಂದಿನ ಎರಡು ಗಾಲಿಗಳ ಕೆಲಸ ತಿರುಗುವುದು, ಬ್ರೇಕ್ ಹಿಡಿಯುವುದು, ಅಷ್ಟೆ. ಹಾಗಿದ್ದೂ ಅವು ರಾತ್ರಿಯಿಡೀ ಮೈಲುಗಟ್ಟಲೆ ರಸ್ತೆ ಬಿಡಿಸುತ್ತವೆ. ಅದೇ ಊರುಗಳಲ್ಲಿ ಹಿಮ ತಳ್ಳುವ ಬ್ಲೇಡು, ಅಂದರೆ ಪ್ಲೋ, ಮಾರುವ ಅಂಗಡಿಗೆ ಹೋಗಿ, ನನ್ನ ಟೂ ವೀಲ್ ಡ್ರೈವ್ ಪಿಕಪ್ಪಿಗೆ ಒಂದು ಬ್ಲೇಡು ಕೂರಿಸಿಕೊಡಿ ಎಂದರೆ ಅಂಗಡಿಯವನು ನಕ್ಕು, ಮೊದಲು ಗಾಡಿ ಬದಲಿಸಿ ಎನ್ನುತ್ತಾನೆ. ಲಾರಿಗೆ ಆಗುವುದು ಪಿಕಪ್ಪಿಗೆ ಯಾಕೆ ಆಗುವುದಿಲ್ಲ?

ಲಾರಿಯ ಬೆನ್ನ ಮೇಲೆ ಏನಿದೆ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಅದರ ತೊಟ್ಟಿಯ ತುಂಬ ಉಪ್ಪು ಅಥವಾ ಮರಳು. ರಸ್ತೆಗೆ ಚೆಲ್ಲಲೆಂದು ಹೊತ್ತ ಆ ಸರಕೇ ಹಿಂದಿನ ಗಾಲಿಗಳನ್ನು ನೆಲಕ್ಕೆ ಅದುಮಿ ಹಿಡಿಯುತ್ತದೆ. ಹದಿನೈದು ಟನ್ನಿನ ಲಾರಿಯಲ್ಲಿ ಹತ್ತು ಟನ್ ಹಿಂದಿನ ಆಕ್ಸಲ್ ಮೇಲೆ ಬಿದ್ದಿದ್ದರೆ ಅದಕ್ಕೆ ಮುಂದಿನ ಗಾಲಿಯ ಸಹಾಯದ ಹಂಗಿಲ್ಲ. ಪಿಕಪ್ಪಿನ ಕಥೆ ಇದಕ್ಕೆ ತಿರುವುಮುರುವು. ಎಂಜಿನ್ನು, ಗೇರ್‌ಬಾಕ್ಸು, ಕೂರುವ ಕ್ಯಾಬಿನ್ನು ಎಲ್ಲ ಮುಂದೆ; ಹಿಂದಿರುವುದು ಖಾಲಿ ತೊಟ್ಟಿ. ಅಂಥ ಗಾಡಿಯ ಮೂತಿಗೆ ಕಾಲು ಟನ್ನಿನ ಕಬ್ಬಿಣ ತೂಗುಹಾಕಿ ಹಿಮಕ್ಕೆ ಬಿಟ್ಟರೆ ಏನಾಗಬೇಕೋ ಅದೇ ಆಗುತ್ತದೆ.

ಹೀಗಿದ್ದರೂ ಪ್ರತಿ ಚಳಿಗಾಲದ ಬಾಗಿಲಲ್ಲಿ ಈ ಪ್ರಶ್ನೆ ಏಳುವುದಕ್ಕೆ ಕಾರಣ ದುಡ್ಡು. ಹೊಸ ಪಿಕಪ್ಪಿನಲ್ಲಿ ಫೋರ್ ವೀಲ್ ಡ್ರೈವ್ ಬೇಕೆಂದರೆ ಮೂರು ನಾಲ್ಕು ಸಾವಿರ ಡಾಲರ್ ಜಾಸ್ತಿ. ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ಇನ್ನೊಂದು ಆಸೆ ಕಾದಿರುತ್ತದೆ. ಉತ್ತರದ ರಾಜ್ಯಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಚಾಸಿಯನ್ನೇ ತಿಂದುಹಾಕುತ್ತದೆ. ಹತ್ತು ಚಳಿಗಾಲ ಕಂಡ ಪಿಕಪ್ಪಿನ ಅಡಿಯಲ್ಲಿ ಬೆರಳಿಟ್ಟರೆ ತುಕ್ಕು ಪುಡಿಯಾಗಿ ಉದುರುತ್ತದೆ. ಟೆಕ್ಸಸ್, ಜಾರ್ಜಿಯಾ ಕಡೆಯಿಂದ ಬಂದ ಗಾಡಿಯ ತಳ ಹೊಸದರಂತೆ ಇರುತ್ತದೆ. ಹಿಮವೇ ಬೀಳದ ಸೀಮೆಯಲ್ಲಿ ಫೋರ್ ವೀಲ್ ಯಾರಿಗೆ ಬೇಕು? ಹೀಗಾಗಿ ಅಲ್ಲಿಂದ ಬರುವ ಒಳ್ಳೆಯ, ಅಗ್ಗದ ಪಿಕಪ್ಪುಗಳಲ್ಲಿ ಟೂ ವೀಲ್‌ಗಳೇ ಧಾರಾಳ. ತುಕ್ಕು ಹಿಡಿದ ಫೋರ್ ವೀಲೋ, ಗಟ್ಟಿಮುಟ್ಟಾದ ಟೂ ವೀಲೋ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಡೆಟ್ರಾಯಿಟ್, ಟೊರಾಂಟೊ ಕಡೆ ಮನೆ ಮಾಡಿಕೊಂಡ ನಮ್ಮ ಕನ್ನಡದವರಲ್ಲೂ, ತೋಟದ ಕೆಲಸಕ್ಕೆಂದು ಪಿಕಪ್ ಕೊಂಡ ಕೆಲವರಿಗೆ ಡಿಸೆಂಬರಿನಲ್ಲಿ ಇದೇ ಯೋಚನೆ ಹತ್ತುತ್ತದೆ.

ಈಗ ಸ್ವಲ್ಪ ಲೆಕ್ಕ. ಹೆದರುವಂಥದ್ದಲ್ಲ, ಕೂಡುವುದು ಕಳೆಯುವುದು ಬಂದರೆ ಸಾಕು. ಎರಡು ಸಾವಿರ ಕೆ.ಜಿ. ತೂಗುವ ಖಾಲಿ ಪಿಕಪ್ ಒಂದನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 1,160 ಕೆ.ಜಿ. ಮುಂದಿನ ಗಾಲಿಗಳ ಮೇಲೆ, 840 ಕೆ.ಜಿ. ಹಿಂದಿನವುಗಳ ಮೇಲೆ. ಮುಂದಿನ ಆಕ್ಸಲ್‌ಗೂ ಹಿಂದಿನದಕ್ಕೂ ನಡುವೆ 3.2 ಮೀಟರ್. ಮುಂದಿನ ಆಕ್ಸಲ್‌ನಿಂದ 1.1 ಮೀಟರ್ ಮುಂದಕ್ಕೆ 250 ಕೆ.ಜಿ.ಯ ಬ್ಲೇಡು ತೂಗುಹಾಕಿದೆವು. ಆ ಭಾರವೆಲ್ಲ ಮುಂದಿನ ಗಾಲಿ ಹೊತ್ತುಕೊಂಡಿತು ಎಂದುಕೊಂಡರೆ ತಪ್ಪು. ಮುಂದಿನ ಆಕ್ಸಲ್ಲನ್ನು ಆಧಾರ ಮಾಡಿಕೊಂಡು ಅದು ಗಾಡಿಯ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಮುಂದೆ 336 ಕೆ.ಜಿ. ಏರಿತು, ಹಿಂದೆ 86 ಕೆ.ಜಿ. ಇಳಿಯಿತು. ಎಳೆಯಬೇಕಾದ ಗಾಲಿಗಳ ಪಾಲಿಗೆ ಉಳಿದದ್ದು 754.

ಒಣಗಿದ ಟಾರು ರಸ್ತೆಯಲ್ಲಿ ಗಾಲಿಗೆ ಸಿಗುವ ಹಿಡಿತ ಅದರ ಮೇಲಿನ ತೂಕದ ಮುಕ್ಕಾಲು ಪಾಲಿನಷ್ಟು. ಅಮುಕಿ ಗಟ್ಟಿಯಾದ ಹಿಮದ ಮೇಲೆ ಅದು ಕಾಲು ಭಾಗಕ್ಕೆ ಕುಸಿಯುತ್ತದೆ. ಮಂಜುಗಡ್ಡೆಯ ಮೇಲೆ ಹತ್ತರಲ್ಲಿ ಒಂದು ಪಾಲು, ಅದೂ ಸಿಗದಿರಬಹುದು. ಅಂದರೆ ನಮ್ಮ ಪಿಕಪ್ಪಿಗೆ ಹಿಮದ ಮೇಲೆ ತಳ್ಳಲು ಇರುವ ಬಲ 190 ಕೆ.ಜಿ.ಯಷ್ಟು, ಗಡ್ಡೆಯ ಮೇಲೆ 75. ನಾಲ್ಕೂ ಗಾಲಿ ಎಳೆಯುವ ಅದೇ ಗಾಡಿಗೆ ಹಿಮದ ಮೇಲೆ 560 ಕೆ.ಜಿ. ದಕ್ಕುತ್ತದೆ, ಹೆಚ್ಚುಕಡಿಮೆ ಮೂರು ಪಟ್ಟು. ಎಂಜಿನ್ನು ಎಷ್ಟು ಕುದುರೆಯದ್ದು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎನ್ನುವುದನ್ನು ಗಮನಿಸಿ. ನೂರು ಕುದುರೆ ಜಾಸ್ತಿ ಇದ್ದರೆ ಗಾಲಿ ಇನ್ನೂ ಜೋರಾಗಿ ನಿಂತಲ್ಲೇ ಸುತ್ತುತ್ತದೆ. (ನಿಜವಾದ ಕುದುರೆಗಳ ಕಾಲವೂ ಒಂದಿತ್ತು. 1862ರಲ್ಲಿ ಮಿಲ್ವಾಕಿ ನಗರದಲ್ಲಿ ಗಾಡಿಗೆ ಹಲಗೆ ಕಟ್ಟಿ ಕುದುರೆಗಳಿಂದ ಬೀದಿಯ ಹಿಮ ತಳ್ಳಿಸಿದ್ದರಂತೆ. ಅವು ನಾಲ್ಕೂ ಕಾಲಿನ ಡ್ರೈವ್.)

ಕಳೆದುಹೋದ ತೂಕವನ್ನು ಹಿಂದಕ್ಕೆ ತರುವುದೇ ಮೊದಲ ಮದ್ದು. 250 ಕೆ.ಜಿ. ಮರಳಿನ ಚೀಲಗಳನ್ನು ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದಕ್ಕೆ, ತೊಟ್ಟಿಯ ಬಾಗಿಲಿಗೆ ಒತ್ತಿ ಇಟ್ಟರೆ, ಮುಂದೆ ಬ್ಲೇಡು ಆಡಿದ ಆಟವನ್ನೇ ಇದು ಹಿಂದೆ ಆಡುತ್ತದೆ. ಹಿಂದಿನ ಗಾಲಿಗಳ ಮೇಲೆ 289 ಕೆ.ಜಿ. ಏರುತ್ತದೆ, ಮುಂದಿನವುಗಳಿಂದ 39 ಇಳಿಯುತ್ತದೆ. ತಳ್ಳುವ ಬಲ 190ರಿಂದ 260ಕ್ಕೆ ಬಂತು. ಅದೇ ಚೀಲಗಳನ್ನು ಕ್ಯಾಬಿನ್ನಿಗೆ ಆನಿಸಿ ಮುಂದಕ್ಕೆ ಪೇರಿಸಿದರೆ ಈ ಲಾಭದಲ್ಲಿ ಒಂದು ಪಾಲು ಹೋಗಿಬಿಡುತ್ತದೆ. ಆ ಮಟ್ಟಿಗೆ ಭಾರವೂ ದಂಡ, ಪೆಟ್ರೋಲೂ ದಂಡ. ನಮ್ಮ ಗಂಗಾವತಿ, ಮಂಡ್ಯ ಕಡೆಯ ಗದ್ದೆಗಳಲ್ಲಿ ಟೂ ವೀಲ್ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಗಾಳಿಯ ಜೊತೆ ನೀರು ತುಂಬಿಸಿದ ರೈತನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಗಾಲಿ ಕಚ್ಚಿಕೊಳ್ಳದಿದ್ದರೆ ಭಾರ ಹೇರು ಎಂಬುದು ಅವನ ಮೈಗೆ ಹತ್ತಿದ ವಿದ್ಯೆ.

ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಳಿಗಾಲಕ್ಕೆಂದೇ ಉದ್ದನೆಯ ಮರಳಿನ ಚೀಲ ಮಾರುತ್ತಾರೆ, ಒಂದೊಂದು 60 ಪೌಂಡಿನದು, ಅಂದರೆ 27 ಕೆ.ಜಿ. ಒಂಬತ್ತು ಚೀಲ ಹಾಕಿದರೆ ಮೇಲಿನ ಲೆಕ್ಕ ಸರಿಹೋಗುತ್ತದೆ. ಕಾಂಕ್ರೀಟ್ ದಿಮ್ಮಿಗಿಂತ ಇದು ವಾಸಿ; ಸಿಕ್ಕಿಬಿದ್ದಾಗ ಒಂದನ್ನು ಸೀಳಿ ಗಾಲಿಯ ಮುಂದೆ ಚೆಲ್ಲಿಕೊಳ್ಳಬಹುದು. ಯಾವುದೇ ಆಗಲಿ, ಬಿಗಿಯಾಗಿ ಕಟ್ಟಿರಬೇಕು. ಪ್ಲೋ ಗಾಡಿ ಹಿಮದಡಿ ಅಡಗಿದ ರಸ್ತೆಯಂಚಿನ ಕಲ್ಲಿಗೆ ಗುದ್ದಿ ಥಟ್ಟನೆ ನಿಂತಾಗ ಸಡಿಲ ದಿಮ್ಮಿ ನಿಲ್ಲುವುದಿಲ್ಲ, ಸೀದಾ ಡ್ರೈವರನ ಬೆನ್ನಿಗೆ ಬರುತ್ತದೆ. ಖರ್ಚೇ ಬೇಡವೆಂದು ತೊಟ್ಟಿಗೆ ಹಿಮವನ್ನೇ ತುಂಬಿಕೊಳ್ಳುವವರೂ ಇದ್ದಾರೆ. ಬಿಸಿಲು ಬಂದ ದಿನ ಅದು ಕರಗಿ ಸೋರಿಹೋಗುತ್ತದೆ, ರಾತ್ರಿ ಮತ್ತೆ ಗಡ್ಡೆ ಕಟ್ಟಿ ತೊಟ್ಟಿಯ ಬಾಗಿಲನ್ನು ಹಿಡಿದು ಕೂರುತ್ತದೆ. ನನಗೆ ಆ ಉಪಾಯದಲ್ಲಿ ನಂಬಿಕೆಯಿಲ್ಲ.

ತೂಕದಷ್ಟೇ ದೊಡ್ಡ ಸಂಗತಿ ಟೈರು. ಎಲ್ಲ ಕಾಲಕ್ಕೂ ಆಗುತ್ತದೆ ಎಂದು ಮಾರುವ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗೆ ಉಳಿಯುವಂತೆ ಮಾಡಿರುತ್ತಾರೆ. ಅದರ ಪಕ್ಕೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಅಚ್ಚಾಗಿರುತ್ತದೆ. ಕೆಸರಿಗೆಂದು ಮಾಡಿದ ದೊಡ್ಡ ದೊಡ್ಡ ಹಲ್ಲಿನ ಟೈರು ನೋಡಲು ಗಡುಸು, ಗಡ್ಡೆಯ ಮೇಲೆ ಮಾತ್ರ ಚಳಿಗಾಲದ ಟೈರಿನ ಮುಂದೆ ಸಪ್ಪೆ. ಇನ್ನು ಸರಪಳಿ. ಹಿಂದಿನ ಎರಡು ಗಾಲಿಗೆ ಕಬ್ಬಿಣದ ಸರಪಳಿ ಸುತ್ತಿದ ಟೂ ವೀಲ್ ಗಾಡಿ ಗಡ್ಡೆಯ ಮೇಲೆ ಸಾಧಾರಣ ಟೈರಿನ ಫೋರ್ ವೀಲಿಗೂ ಸವಾಲು ಹಾಕೀತು. ಆದರೆ ಸರಪಳಿ ಕಟ್ಟಿದ ಗಾಡಿಯನ್ನು ನಿಧಾನ ಓಡಿಸಬೇಕು. ಬರಿಯ ಟಾರಿನ ಮೇಲೆ ಅದು ರಸ್ತೆಯನ್ನೂ ಕೆರೆಯುತ್ತದೆ, ತಾನೂ ಸವೆಯುತ್ತದೆ. ಒಂದೇ ಅಂಗಳಕ್ಕಾದರೆ ಸರಿ, ಊರೆಲ್ಲ ತಿರುಗಿ ಹತ್ತು ಮನೆಯ ಕೆಲಸ ಹಿಡಿಯುವವನಿಗೆ ಅದು ತಲೆನೋವು.

ಟೂ ವೀಲ್ ಎಂದಾಗ ನಿಜವಾಗಿ ಎರಡು ಗಾಲಿ ಎಳೆಯುತ್ತವೆಯೇ ಎಂಬುದೂ ಒಂದು ಪ್ರಶ್ನೆ. ಸಾಮಾನ್ಯ ಡಿಫರೆನ್ಶಿಯಲ್ ಎರಡು ಗಾಲಿಗೂ ಸಮನಾದ ಬಲ ಹಂಚುತ್ತದೆ. ಸಮ ಎಂದರೆ, ಜಾರುವ ಗಾಲಿ ಎಷ್ಟು ತಾಳುತ್ತದೋ ಅಷ್ಟೇ ಇನ್ನೊಂದಕ್ಕೂ. ಬಲಗಾಲಿ ಗಡ್ಡೆಯ ಮೇಲೆ, ಎಡಗಾಲಿ ಒಣ ಟಾರಿನ ಮೇಲೆ ಇದ್ದರೆ ಬಲಗಾಲಿ ಬುರ್ರೆಂದು ತಿರುಗುತ್ತದೆ, ಎಡದ್ದು ಸುಮ್ಮನೆ ನಿಂತಿರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ತಿರುಗಿಸುವ ಲಾಕಿಂಗ್ ಡಿಫರೆನ್ಶಿಯಲ್, ಇಲ್ಲವೇ ಜಾರುವುದನ್ನು ತಕ್ಕಮಟ್ಟಿಗೆ ತಡೆಯುವ ಲಿಮಿಟೆಡ್ ಸ್ಲಿಪ್ ಜಾತಿಯದು ಇಲ್ಲದ ಟೂ ವೀಲ್ ಪಿಕಪ್ಪಿಗೆ ಬ್ಲೇಡು ಕಟ್ಟುವ ಮಾತೇ ಬೇಡ. ಗಾಲಿ ಜಾರಿದ ಕೂಡಲೇ ಎಂಜಿನ್ನನ್ನು ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲನ್ನು ಪ್ಲೋ ಮಾಡುವಷ್ಟು ಹೊತ್ತು ಆರಿಸಿಡುವುದು ರೂಢಿ. ಇಲ್ಲದಿದ್ದರೆ ಹಿಮದ ರಾಶಿಗೆ ಮೂತಿ ತಾಗಿದಾಗಲೇ ಎಂಜಿನ್ನು ಸೊರಗುತ್ತದೆ.

ಇಷ್ಟೆಲ್ಲ ಸಜ್ಜಾದ ಗಾಡಿ ಎಷ್ಟು ಹಿಮ ತಳ್ಳೀತು? ಹಿಮಕ್ಕೆ ಒಂದೇ ತೂಕವಿಲ್ಲ. ಕಡುಚಳಿಯಲ್ಲಿ ಉದುರಿದ ಹೊಸ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕೆ.ಜಿ. ತೂಗಬಹುದು. ಸೊನ್ನೆಯ ಆಸುಪಾಸಿನಲ್ಲಿ ಬಿದ್ದ ಒದ್ದೆ ಹಿಮ ಅದರ ಎರಡು ಮೂರು ಪಟ್ಟು. ಇಪ್ಪತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮನೆಮುಂದಿನ ಹಾದಿಯಲ್ಲಿ 15 ಸೆಂಟಿಮೀಟರ್, ಅಂದರೆ ಆರಿಂಚು ಹಿಮ ಬಿದ್ದರೆ ಒಂಬತ್ತು ಘನ ಮೀಟರ್ ಆಯಿತು. ಹಗುರದ್ದಾದರೆ 900 ಕೆ.ಜಿ. ತನಕ, ಒದ್ದೆಯಾದರೆ ಎರಡು ಟನ್ ದಾಟೀತು. ಅದನ್ನು ನೆಲದ ಮೇಲೆ ಉಜ್ಜುತ್ತ ದೂಡಬೇಕು, ದೂಡಿದಂತೆಲ್ಲ ಬ್ಲೇಡಿನ ಮುಂದೆ ರಾಶಿ ಬೆಳೆಯುತ್ತ ಹೋಗುತ್ತದೆ. ನಮ್ಮ 260 ಕೆ.ಜಿ. ಬಲಕ್ಕೆ ಹಗುರ ಹಿಮದ ಆರಿಂಚೇ ಕೊನೆಯ ಗಡಿ. ಒದ್ದೆ ಹಿಮದಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ.

ಆದ್ದರಿಂದ ಟೂ ವೀಲ್‌ನವನು ಹಿಮ ನಿಲ್ಲಲಿ ಎಂದು ಕಾಯಬಾರದು. ಎರಡು ಮೂರು ಇಂಚು ಬಿದ್ದಾಗ ಒಮ್ಮೆ ಎದ್ದು ತಳ್ಳಬೇಕು, ಮತ್ತೆ ಎರಡಿಂಚಿಗೆ ಮತ್ತೊಮ್ಮೆ. ರಾತ್ರಿ ಎರಡಕ್ಕೋ ನಾಲ್ಕಕ್ಕೋ ಏಳಬೇಕಾದೀತು. ಸಿರಾಕ್ಯೂಸಿನಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 120 ಇಂಚು ಹಿಮ ಬೀಳುತ್ತದೆ ಎಂದರೆ ಇಂಥ ರಾತ್ರಿಗಳು ಎಷ್ಟಾದಾವೆಂದು ಊಹಿಸಿಕೊಳ್ಳಿ. ಗ್ರೇಟ್ ಲೇಕ್ಸ್ ದಂಡೆಯ ಊರುಗಳಿಗೆ ಇನ್ನೊಂದು ಕಾಟ. ಇನ್ನೂ ಹೆಪ್ಪುಗಟ್ಟದ ಸರೋವರದ ಬೆಚ್ಚನೆಯ ನೀರಿನ ಮೇಲೆ ಶೀತಗಾಳಿ ಹಾದು, ತೇವ ಹೀರಿಕೊಂಡು, ದಂಡೆ ದಾಟುತ್ತಲೇ ಸುರಿದುಬಿಡುತ್ತದೆ. ಗಾಳಿ ಹಿಡಿದ ದಾರಿಯಲ್ಲಷ್ಟೇ ಅದರ ಆರ್ಭಟ. 2014ರ ನವೆಂಬರಿನಲ್ಲಿ ಬಫೆಲೊ ನಗರದ ದಕ್ಷಿಣ ಮತ್ತು ಪೂರ್ವದ ಬಡಾವಣೆಗಳಲ್ಲಿ ಕೆಲವೇ ದಿನಗಳಲ್ಲಿ ಐದು ಅಡಿಗೂ ಮೀರಿ ಬಿದ್ದಾಗ, ಉತ್ತರಕ್ಕೆ ಕೆಲವೇ ಮೈಲಿ ಆಚೆ ಬಿದ್ದದ್ದು ಬರಿಯ ಕೆಲವು ಇಂಚು. ಐದಡಿಯ ಎದುರು ಟೂ ವೀಲ್, ಫೋರ್ ವೀಲ್ ಎರಡೂ ಒಂದೇ. ಅಲ್ಲಿ ಲೋಡರ್ ಯಂತ್ರ ಬೇಕು.

ಟೂ ವೀಲ್ ಪ್ಲೋ ಒಂದಿಷ್ಟಾದರೂ ನಡೆಯುವುದಕ್ಕೆ ಒಂದು ಒಳಗುಟ್ಟು ಇದೆ. ಮುಂದಕ್ಕೆ ಹೋಗುವಾಗ ಬ್ಲೇಡು ದಾರಿ ಬಿಡಿಸುತ್ತದೆ, ಎಳೆಯುವ ಗಾಲಿಗಳು ಆ ಬಿಡಿಸಿದ ನೆಲದ ಮೇಲೆಯೇ ಬರುತ್ತವೆ. ಬ್ಲೇಡು ಕೆಳಗಿಳಿದಾಗ ಅದರ ಭಾರವನ್ನು ಬಹುಪಾಲು ನೆಲವೇ ಹೊರುತ್ತದೆ, ಹಾಗಾಗಿ ಹಿಂದಿನ ಗಾಲಿ ಕಳೆದುಕೊಂಡ 86 ಕೆ.ಜಿ. ಆ ಹೊತ್ತಿಗೆ ಮರಳಿ ಸಿಕ್ಕಿರುತ್ತದೆ. ಕಷ್ಟವಿರುವುದು ಬ್ಲೇಡು ಎತ್ತಿ ಹಿಂದೆ ಬರುವಾಗ. ಅದಕ್ಕೇ ಗ್ಯಾರೇಜಿನ ಬಾಗಿಲ ಬುಡದ ಹಿಮ ಇಂಥ ಗಾಡಿಗೆ ಒಗ್ಗುವುದಿಲ್ಲ. ಅಲ್ಲಿ ಬ್ಲೇಡು ಎತ್ತಿಕೊಂಡು ಹಿಮ ತುಳಿದು ಬಾಗಿಲ ತನಕ ಹೋಗಿ, ಬ್ಲೇಡು ಇಳಿಸಿ, ಹಿಮ ಎಳೆದುಕೊಂಡು ಹಿಂದಕ್ಕೆ ಬರಬೇಕು. ಎಳೆಯುವ ಗಾಲಿಗಳಿಗೆ ಆಗ ಸಿಗುವುದು ತಾವೇ ತುಳಿದು ನುಣುಪು ಮಾಡಿದ ಹಿಮ. ಆ ಎರಡು ಮೀಟರನ್ನು ಸಲಿಕೆಯಲ್ಲಿ ಎತ್ತಿಬಿಡುವುದು ಜಾಣತನ.

ಇಳಿಜಾರಿನ ಮಾತು ಇದಕ್ಕಿಂತ ಗಡುಸು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಹಾದಿಯೆಂದರೆ ನೋಡಲು ಅಂಥ ಏರೇನೂ ಅಲ್ಲ. ಬ್ಲೇಡು, ಮರಳು ಸೇರಿ ಎರಡೂವರೆ ಟನ್ನಾದ ನಮ್ಮ ಗಾಡಿಗೆ ಅದನ್ನು ಸುಮ್ಮನೆ ಏರಲಿಕ್ಕೇ 250 ಕೆ.ಜಿ. ಬಲ ಬೇಕು, ಇರುವುದು 260. ಏರು ತಳ್ಳುವುದು ಬಿಟ್ಟು ಇಳಿಜಾರಿಗೆ ತಳ್ಳೋಣ ಎಂದರೆ ಕೆಳಗೆ ತಲುಪಿದ ಮೇಲೆ ರಿವರ್ಸಿನಲ್ಲಿ ಮೇಲೆ ಬರಬೇಕು. ರಿವರ್ಸಿನಲ್ಲಿ ಏರುವಾಗ ಗಾಡಿಯ ತೂಕ ಕೆಳಬದಿಗೆ, ಅಂದರೆ ಎಳೆಯದ ಮುಂದಿನ ಗಾಲಿಗಳ ಕಡೆಗೆ ಜಾರುತ್ತದೆ. ಇದ್ದ ಹತ್ತು ಕೆ.ಜಿ. ಮಿಗತೆಯೂ ಅಲ್ಲಿಗೆ ಕೈಬಿಟ್ಟಿತು. ಗಾಡಿ ಮನೆಯ ಕೆಳಗೆ ರಸ್ತೆಯಂಚಿನಲ್ಲಿ ನಿಂತು, ಮನೆ ಮೇಲಿದ್ದು, ನಡುವಿನ ಹಾದಿ ಹೊಳೆಯುವಷ್ಟು ನುಣುಪಾಗಿರುವ ಸ್ಥಿತಿ ಅದು. ಮೇಲೆ ಗಾಡಿ ತಿರುಗಿಸಲು ಜಾಗವಿದ್ದು, ಮೂತಿ ಮುಂದಾಗಿ ಏರಿ ಬರುವ ಬೇರೆ ದಾರಿಯಿದ್ದರೆ ಯೋಚಿಸಬಹುದು. ಇಲ್ಲವಾದರೆ ಇಳಿಜಾರಿನ ಮನೆಯವರು ಈ ಆಸೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಬಲ ಸಾಲದವನು ವೇಗದ ಮೊರೆಹೋಗುತ್ತಾನೆ. ಸ್ವಲ್ಪ ಹಿಂದಕ್ಕೆ ಹೋಗಿ, ಓಟ ತೆಗೆದು, ರಾಶಿಗೆ ಡಿಕ್ಕಿ ಹೊಡೆಯುವುದು. ಟೂ ವೀಲ್ ಪ್ಲೋಗಳನ್ನು ಹಿಮಕ್ಕಿಂತ ಹೆಚ್ಚಾಗಿ ಕೊಲ್ಲುವುದು ಈ ಚಾಳಿಯೇ. ನೆಲದಲ್ಲಿ ಅಡಗಿದ ಮ್ಯಾನ್‌ಹೋಲ್ ಮುಚ್ಚಳಕ್ಕೆ ತಾಗಿದರೆ ಮಡಚಿಕೊಳ್ಳಲೆಂದು ಬ್ಲೇಡಿಗೆ ಸ್ಪ್ರಿಂಗು ಇರುತ್ತದೆ ನಿಜ. ಆದರೆ ಅದು ಗಂಟೆಗೆ 15 ಕಿ.ಮೀ. ಆಜುಬಾಜಿನ ವೇಗಕ್ಕೆ ಲೆಕ್ಕ ಹಾಕಿದ್ದು. ಓಟ ತೆಗೆದವನು ರಾಶಿಯ ಮೇಲೆ ಮುಂದಿನ ಗಾಲಿ ಹತ್ತಿಸಿಬಿಟ್ಟರೆ ಮುಗಿಯಿತು. ಫೋರ್ ವೀಲ್ ಆಗಿದ್ದರೆ ಮುಂದಿನ ಗಾಲಿಗಳೂ ತಿರುಗಿ ಹಿಂದಕ್ಕೆ ನೂಕುವ ಸಾಧ್ಯತೆ ಇತ್ತು. ಟೂ ವೀಲ್‌ನಲ್ಲಿ ಅವು ಸುಮ್ಮನೆ ಕೂತಿರುತ್ತವೆ, ಹಿಂದಿನವು ಗುಂಡಿ ತೋಡಿಕೊಳ್ಳುತ್ತವೆ. ಬ್ಲೇಡನ್ನು ಓರೆಯಾಗಿಟ್ಟು ಹಿಮವನ್ನು ಪಕ್ಕಕ್ಕೆ ಉದುರಿಸುತ್ತ ಹೋಗುವುದು ಇದಕ್ಕಿಂತ ಮೇಲು, ರಾಶಿ ಮುಂದೆ ಬೆಳೆಯುವುದಿಲ್ಲ. ಆದರೆ ಏಳೂವರೆ ಅಡಿ ಬ್ಲೇಡನ್ನು ಪೂರ್ತಿ ಓರೆ ಮಾಡಿದರೆ ಬಿಡಿಸುವ ಅಗಲ ಗಾಡಿಯ ಅಗಲಕ್ಕೆ ಇಳಿಯುತ್ತದೆ, ಗಾಲಿಯಂಚು ಹಿಮಕ್ಕೆ ತಾಗಲು ಶುರು. ಅರ್ಧ ಓರೆ ಸಾಕು.

ಅಂಗಡಿಯವನ ನಗುವಿಗೆ ಇನ್ನೊಂದು ಕಾರಣವೂ ಇದೆ. ಟೂ ವೀಲ್ ಪಿಕಪ್ಪಿನ ಮುಂಭಾಗವನ್ನು ಹಗುರಾಗಿ, ಹಲವು ಸಲ ತಗ್ಗಾಗಿ ಮಾಡಿರುತ್ತಾರೆ. ಬ್ಲೇಡು ಹೊರಲೆಂದು ಬಲಿತ ಸ್ಪ್ರಿಂಗು, ದೊಡ್ಡ ಆಲ್ಟರ್ನೇಟರು ಸೇರಿಸಿ ಕಂಪನಿಗಳು ಕೊಡುವ ಪ್ಲೋ ಪ್ಯಾಕೇಜು ಸಾಮಾನ್ಯವಾಗಿ ಫೋರ್ ವೀಲ್ ಗಾಡಿಗೆ ಮಾತ್ರ. ಬ್ಲೇಡು ಕಂಪನಿಗಳೂ ಎಷ್ಟೋ ಟೂ ವೀಲ್ ಮಾದರಿಗಳಿಗೆ ಹೊಂದುವ ಚೌಕಟ್ಟನ್ನೇ ಮಾಡುವುದಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬಹುದೆಂದು ಬರೆದಿರುತ್ತದೆ. ಬ್ಲೇಡಿನ ತೂಕವನ್ನು ಹಾಗೇ ಕೂಡಿದರೆ ಸಾಲದು, ಮೇಲೆ ನೋಡಿದಂತೆ 250ರ ಬದಲು 336 ಕೂಡಬೇಕು. ಗೇರ್‌ಬಾಕ್ಸಿಗೂ ಕೆಲಸ ಜಾಸ್ತಿ: ಮುಂದೆ, ಹಿಂದೆ, ಮುಂದೆ, ಹಿಂದೆ. ಗಾಲಿ ಜಾರಿದಷ್ಟೂ ಆಯಿಲ್ ಕಾಯುತ್ತದೆ.

ಇಷ್ಟೆಲ್ಲ ಹೇಳಿ ಫೋರ್ ವೀಲನ್ನು ಆಕಾಶಕ್ಕೆ ಏರಿಸುವುದೂ ನ್ಯಾಯವಲ್ಲ. ಬ್ರೇಕ್ ಎಲ್ಲ ಗಾಡಿಗೂ ನಾಲ್ಕು ಗಾಲಿಗೇ. ಹೊರಡುವಾಗ ನಾಲ್ಕು ಗಾಲಿ ಎಳೆದ ಧೈರ್ಯದಲ್ಲಿ ವೇಗವಾಗಿ ಬಂದವನು ನಿಲ್ಲಿಸುವಾಗ ಟೂ ವೀಲ್‌ನವನಷ್ಟೇ ಜಾರುತ್ತಾನೆ, ಚರಂಡಿಗೂ ಅವನಷ್ಟೇ ಸಲೀಸಾಗಿ ಇಳಿಯುತ್ತಾನೆ. ಬೋಳು ಟೈರಿನ ಫೋರ್ ವೀಲಿಗಿಂತ ಚಳಿಗಾಲದ ಟೈರು, ಮರಳು, ಲಾಕಿಂಗ್ ಡಿಫರೆನ್ಶಿಯಲ್ ಇರುವ ಟೂ ವೀಲ್ ಮಟ್ಟಸ ಜಾಗದಲ್ಲಿ ಹೆಚ್ಚು ಭರವಸೆಯದು ಎಂದು ನಾನು ಹೇಳುತ್ತೇನೆ.

ಹಾಗಾದರೆ ಯಾರಿಗೆ ಇದು ಸರಿ? ಸ್ವಂತ ಅಂಗಡಿಯ ಮುಂದೆ ಟಾರು ಹಾಕಿದ ಮಟ್ಟಸ ಪಾರ್ಕಿಂಗ್ ಜಾಗ ಇದೆ, ಹಿಮ ಒಟ್ಟಲು ಒಂದು ಮೂಲೆ ಇದೆ, ಟೂ ವೀಲ್ ಪಿಕಪ್ ಮೊದಲೇ ಕೈಯಲ್ಲಿದೆ, ಅದಕ್ಕೆ ಹೊಂದುವ ಹಗುರ ಬ್ಲೇಡು ಸಿಗುತ್ತದೆ ಎನ್ನುವವರು ಮಾಡಿ ನೋಡಬಹುದು. ರಸ್ತೆಯಾಚೆಗೆ ಹಿಮ ದೂಡಬಾರದು ಎಂಬುದನ್ನು ಮಾತ್ರ ನೆನಪಿಡಬೇಕು. ನ್ಯೂಯಾರ್ಕ್ ರಾಜ್ಯದಲ್ಲೂ ಕೆನಡಾದ ಆಂಟೇರಿಯೊದಲ್ಲೂ ಮನೆಯ ಹಿಮವನ್ನು ಸಾರ್ವಜನಿಕ ರಸ್ತೆಗೆ ಹಾಕುವುದು ಕಾನೂನಿಗೆ ವಿರುದ್ಧ. ಎರಡು ಕಾರು ನಿಲ್ಲುವಷ್ಟು ಅಂಗಳದ ಮನೆಯವರಿಗೆ ಹೊಸ ಬ್ಲೇಡಿನ ಐದಾರು ಸಾವಿರ ಡಾಲರ್ ದಂಡ. ಕೈಯಲ್ಲಿ ನಡೆಸಿಕೊಂಡು ಹೋಗುವ ಸ್ನೋ ಬ್ಲೋವರ್ ಹಿಮವನ್ನು ಎತ್ತಿ ದೂರ ಎಸೆಯುತ್ತದೆ, ಖರ್ಚೂ ಅದರ ಒಂದು ಪಾಲು. ಬೇರೆಯವರ ಅಂಗಳ ಗುತ್ತಿಗೆ ಹಿಡಿದು ದುಡಿಯುವ ಆಲೋಚನೆ ಇರುವವರು ಫೋರ್ ವೀಲನ್ನೇ ಕೊಳ್ಳಬೇಕು, ಗಿರಾಕಿಯ ಮನೆ ಮಟ್ಟಸ ಜಾಗದಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ಟೂ ವೀಲ್‌ನಲ್ಲೇ ಚಳಿಗಾಲ ಕಳೆಯುತ್ತೇನೆ ಎನ್ನುವವರು ಊರಿನ ಒಬ್ಬ ಫೋರ್ ವೀಲ್ ಕಾಂಟ್ರ್ಯಾಕ್ಟರನ ಜೊತೆ ನವೆಂಬರಿನಲ್ಲೇ ಮಾತಾಡಿ ಇಟ್ಟುಕೊಂಡಿರಲಿ. ಬಿರುಗಾಳಿ ಎದ್ದ ರಾತ್ರಿ ಫೋನ್ ಮಾಡಿದರೆ ಅವನು ಹಳೆಯ ಗಿರಾಕಿಗಳ ಮನೆ ಮುಗಿಸಿಯೇ ಹೊಸಬರ ಕಡೆ ಬರುವುದು.